ಅಪ್ಪನ ಎಡೆಗೆ ಯಾವ ಬಾಟ್ಲಿ

ಹಿಂದೂಪುರದಲ್ಲಿ ನಾನು ಕೆಲಸ ಮಾಡುವ ವೈನ್ ಶಾಪಿನ ಮುಂದೆ ವಾರಕ್ಕೊಮ್ಮೆಯಾದರೂ ಯಾರದಾದರೂ ತಲೆ ಒಡೆಯುತ್ತದೆ. ಮೊದಮೊದಲು ಬಿಡಿಸಲು ಹೋಗುತ್ತಿದ್ದೆ. ಒಮ್ಮೆ ಹಾಗೆ ಹೋಗಿ ನನ್ನ ಮುಂದಿನ ಹಲ್ಲೇ ಉದುರಿತು. ಹೊಡೆದಾಡುತ್ತಿದ್ದವರು ಅಣ್ಣತಮ್ಮಂದಿರು; ಹೊರಗಿನವನೊಬ್ಬ ನಡುವೆ ಬಂದನಲ್ಲ ಎಂಬ ಸಿಟ್ಟಿಗೆ ಇಬ್ಬರೂ ಒಂದಾಗಿ ನನ್ನನ್ನೇ ಬಾರಿಸಿದರು. ಅಂದಿನಿಂದ ಕೌಂಟರಿನ ಕಬ್ಬಿಣದ ಜಾಲರಿಯ ಈಚೆಗೇ ನಿಂತು ನೋಡುತ್ತೇನೆ. ರಕ್ತ ಬಿದ್ದ ಕಡೆ ಆಮೇಲೊಂದು ಬಕೆಟ್ ನೀರು ಹಾಕುವುದಷ್ಟೇ ನನ್ನ ಕೆಲಸ.

ಹೊಡೆದಾಡಿದವರು ಒಂದೆರಡು ದಿನ ಬಿಟ್ಟು ಮತ್ತೆ ನಮ್ಮಲ್ಲಿಗೇ ಬರುತ್ತಾರೆ, ರಾಜಿಗೆ. ನಮ್ಮವರಲ್ಲಿ ಒಂದು ಕಟ್ಟಳೆ ಇದೆ. ಹಿರಿಯರು ಕೂರಿಸಿ ಮಾತಾಡಿ ಜಗಳ ಮುಗಿಸಿದ ಮೇಲೆ ಎರಡೂ ಕಡೆಯವರು ಒಂದೇ ಬಾಟಲಿಯಿಂದ ಕುಡಿಯಬೇಕು. ಆ ಬಾಟಲಿ ತರುವವನು ಹೊಡೆದವನು. ಯಾವುದು ಎಂದು ಆರಿಸುವವನು ಏಟು ತಿಂದವನು. ತಲೆಗೆ ಬಟ್ಟೆ ಸುತ್ತಿಕೊಂಡವನು ಜಾಲರಿಯ ಮುಂದೆ ನಿಂತು, ಮದುವೆ ಸೀರೆ ಆರಿಸುವವರ ಹಾಗೆ ಒಂದೊಂದನ್ನೇ ಕೆಳಗಿಳಿಸಿ ನೋಡುತ್ತಾನೆ. "ಅದ್ ಬ್ಯಾಡ ಕಣಣ್ಣ, ಆ ಮ್ಯಾಲಿಂದು ತೆಗಿ. ಅದೂ ಬ್ಯಾಡ, ಅದರ ಪಕ್ಕದ್ದು." ಹೊಡೆದವನು ಹಲ್ಲು ಕಚ್ಚಿಕೊಂಡು ಪಕ್ಕದಲ್ಲಿ ನಿಂತಿರುತ್ತಾನೆ. ಆರಿಸುವವನಿಗೆ ಅವಸರವೇ ಇರುವುದಿಲ್ಲ. ಇದು ಬೇಡ ಎನ್ನುವ ಹಕ್ಕು ಹೊಡೆದವನಿಗಿಲ್ಲ.

ಆರಿಸುವವರನ್ನು ನೋಡಿ ನೋಡಿ ನನಗೂ ಆ ವಿದ್ಯೆ ಹತ್ತಿತು. ನಿಶ್ಚಿತಾರ್ಥಕ್ಕೆಂದು ಬಂದವರಿಗೆ ಎತ್ತರದ ಪೆಟ್ಟಿಗೆಯ ವಿಸ್ಕಿ ಕೊಡಬೇಕು. ಒಳಗಿನ ಸರಕು ಹೇಗಾದರೂ ಇರಲಿ, ಪೆಟ್ಟಿಗೆ ಬೀಗರ ಕಣ್ಣಿಗೆ ಬೀಳಬೇಕು. ಹೆಣಕ್ಕೆ ಗುಂಡಿ ತೋಡುವವರಿಗೆ ಬ್ರಾಂದಿ. ದೇವರಿಗೆ ಕುರಿ ಕಡಿದ ಮನೆಗೆ ರಮ್. ಬಿಸಿಲಿಗೆ ಬೆಂದು ಬಂದ ಲಾರಿಯವರಿಗೆ ಬಿಯರ್. "ಮಂಚಿದಿ ಇವ್ವನ್ನಾ" ಎಂದು, ಒಳ್ಳೆಯದು ಕೊಡು ಎಂದು ಕೈಚಾಚಿದವನ ಮುಖ ನೋಡಿದರೆ ಸಾಕು, ಅವನಿಗೆ ಒಳ್ಳೆಯದು ಯಾವುದು ಎಂದು ನನಗೆ ತಿಳಿಯುತ್ತಿತ್ತು.

ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಲಿಕ್ಯೂರುಗಳಿವೆ. ಹಣ್ಣು, ಕಾಫಿ, ಪುದೀನ, ಹಾಲಿನ ಕೆನೆ, ಹೀಗೆ ಏನನ್ನಾದರೂ ಸಕ್ಕರೆಯೊಡನೆ ಬೆರೆಸಿದ ಸಿಹಿ ಮದ್ಯ. ಹೆದ್ದಾರಿ ಬದಿಯ ಕಾರಿನ ಕಾರ್ಖಾನೆಗೆ ಕೊರಿಯಾದಿಂದ ಬಂದವರು ಕೊಳ್ಳುತ್ತಾರೆಂದು ಯಜಮಾನರು ತರಿಸಿದ್ದು. ಅದನ್ನು ಲೋಟದ ತುಂಬ ಸುರಿದುಕೊಂಡು ಗಟಗಟ ಕುಡಿಯಬಾರದು. ಚಿಕ್ಕ ಲೋಟದಲ್ಲಿ ಗುಟುಕು ಗುಟುಕಾಗಿ ಹೀರಬೇಕು. ಖಾರದ ಊಟವಾದ ಮೇಲೆ ಪುದೀನದ್ದು ಹಿತ. ಚಳಿಗೆ ಕಾಫಿಯದ್ದು. ಕೆನೆಯದ್ದು ಐಸಿನ ಮೇಲೆ. ಕಿತ್ತಳೆಯದ್ದು ಮೊದಲ ಸಲ ಕುಡಿಯುವವರ ಬಾಯಿಗೂ ಒಗ್ಗುತ್ತದೆ. ನಮ್ಮೂರ ಗಂಡಸರು ಆ ಹಲಗೆಯತ್ತ ಕೈ ತೋರಿಸಿ ಹೆಂಗಸರ ಔಷಧಿ ಎಂದು ನಗುತ್ತಾರೆ. ಹಾಗೆ ನಕ್ಕವರಲ್ಲಿ ಕೆಲವರು ಮರುದಿನ ಹೆಲ್ಮೆಟ್ ಕೂಡ ತೆಗೆಯದೆ ಬಂದು ಪೇಪರಿನಲ್ಲಿ ಸುತ್ತಿಸಿಕೊಂಡು ಹೋಗಿದ್ದಾರೆ. ಅವರ ಮಾನ ನನ್ನ ಕೈಯಲ್ಲಿದೆ.

ಇದರ ಮೊದಲ ಪಾಠ ನಾನು ಕಲಿತದ್ದು ಗಡಿಯಾಚೆ, ಕರ್ನಾಟಕದಲ್ಲಿ. ಆಂಧ್ರದಲ್ಲಿ ಸರ್ಕಾರವೇ ಅಂಗಡಿ ನಡೆಸಿದ ಆ ವರ್ಷಗಳಲ್ಲಿ ನಮ್ಮ ಕಡೆ ಆರಿಸುವ ಮಾತೇ ಇರಲಿಲ್ಲ. ಕಂಡು ಕೇಳದ ಹೆಸರಿನ ಬಾಟಲಿಗಳು. ಇದ್ದದ್ದು ಕುಡಿ, ಇಲ್ಲವಾದರೆ ಗಡಿಯ ಕೊಡಿಕೊಂಡ ಚೆಕ್‌ಪೋಸ್ಟ್ ದಾಟು. ನಾನು ದಾಟಿ ಹೋಗಿ ಕರ್ನಾಟಕದ ಬಾರೊಂದರಲ್ಲಿ ಲೋಟ ತೊಳೆದೆ, ಆಮೇಲೆ ಕೌಂಟರಿಗೆ ಬಂದೆ. ಖಾಸಗಿ ಅಂಗಡಿಗಳು ಮತ್ತೆ ತೆರೆದಾಗ ಹಿಂದೂಪುರಕ್ಕೆ ಬಂದು ಸೇರಿಕೊಂಡೆ.

ಆದರೆ ನಿಜವಾಗಿ ಈ ವಿದ್ಯೆಯಲ್ಲಿ ನನಗಿಂತ ಮುಂದಿದ್ದವಳು ಕಲ್ಯಾಣದುರ್ಗದಲ್ಲಿರುವ ನನ್ನ ಅಮ್ಮ. ಅವಳು ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಿದವಳಲ್ಲ. ಅಪ್ಪ ಬೋರ್‌ವೆಲ್ ಕೊರೆಯುವ ಲಾರಿ ಓಡಿಸುತ್ತಿದ್ದ. ನೀರು ಬಿದ್ದರೆ ಹೊಲದವರು ಖುಷಿಗೆ ಕುಡಿಸುತ್ತಿದ್ದರು, ಬೀಳದಿದ್ದರೆ ಸಂಕಟಕ್ಕೆ ಕುಡಿಸುತ್ತಿದ್ದರು. ಬೆಳುಗುಪ್ಪ ಕಡೆ ಕಲ್ಲು ಗಟ್ಟಿ; ಅಲ್ಲಿಂದ ಬರುವಾಗ ಸಂಕಟದ್ದೇ ಹೆಚ್ಚು. ಅಪ್ಪ ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮ ವಾಸನೆಯಿಂದಲೇ ಯಾವುದು ಎಂದು ಹೇಳಿಬಿಡುತ್ತಿದ್ದಳು. ರಮ್ ಆದರೆ ಪಾತ್ರೆಗಳನ್ನು ಅಟ್ಟಕ್ಕೆ ಸೇರಿಸುವಳು, ಯಾಕೆಂದರೆ ರಮ್ ಕುಡಿದರೆ ಅಪ್ಪ ಎಸೆಯುತ್ತಿದ್ದ. ಅಪ್ಪ ತನ್ನ ದುಡ್ಡಲ್ಲಿ ಕೊಳ್ಳುತ್ತಿದ್ದ ವಿಸ್ಕಿಯಾದರೆ ಗೂಟಕ್ಕೆ ನೇತುಹಾಕಿದ ಬೆಲ್ಟು ಮಾಯವಾಗುತ್ತಿತ್ತು. ಬ್ರಾಂದಿಯಾದರೆ ಬಚ್ಚಿಡಲು ಏನೂ ಇರಲಿಲ್ಲ, ಏಕೆಂದರೆ ಆಗ ಅವನು ಬರಿಗೈಯಲ್ಲೇ ಹೊಡೆಯುತ್ತಿದ್ದ. ಹೊಡೆದು ಆದ ಮೇಲೆ ಅವಳ ಕಾಲು ಹಿಡಿದು ಅಳುತ್ತಿದ್ದ. ಆ ಅಳು ನನಗೆ ಏಟಿಗಿಂತ ಅಸಹ್ಯವಾಗಿತ್ತು, ಇವತ್ತಿಗೂ ಅಸಹ್ಯವೇ.

ಅಮ್ಮ ಯಾವತ್ತೂ ನೆಮ್ಮದಿಯಾಗಿ ಕೂತು ಉಂಡದ್ದನ್ನು ನಾನು ನೋಡಿರಲಿಲ್ಲ. ಕುಕ್ಕರಗಾಲಲ್ಲಿ ಕೂತು, ತಟ್ಟೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬೆನ್ನು ಗೋಡೆಗೆ ಒತ್ತಿ, ಬೀದಿ ಬಾಗಿಲನ್ನೇ ನೋಡುತ್ತಾ ಮುದ್ದೆ ನುಂಗುತ್ತಿದ್ದಳು. ಬಾಗಿಲಲ್ಲಿ ನೆರಳು ಬಿದ್ದರೆ ತಟ್ಟೆ ಕೆಳಗಿಟ್ಟು ಏಳಲು ತಯಾರಾಗಿರಬೇಕು. ಹೊಟ್ಟೆ ತುಂಬಿದಾಗಲೂ ಇಲ್ಲದಾಗಲೂ ಅದೇ ಭಂಗಿ.

ಒಂದು ಭಾನುವಾರ ರಜೆಗೆಂದು ಊರಿಗೆ ಹೋಗಿದ್ದೆ. ಮಟಮಟ ಮಧ್ಯಾಹ್ನ. ಅಪ್ಪ ಬ್ರಾಂದಿ ಕುಡಿದು ಬಂದ. ಸಾರಿಗೆ ಉಪ್ಪು ಕಡಿಮೆಯೋ ಜಾಸ್ತಿಯೋ, ಅದೂ ನನಗೆ ನೆನಪಿಲ್ಲ. ಅಮ್ಮನ ಕೈ ತಿರುಚಿ ಗೋಡೆಗೆ ಗುದ್ದಿದ. ಮೂಳೆ ಮುರಿದ ಸದ್ದು ನನಗೆ ಹೊರಗಿನ ಕಟ್ಟೆಯವರೆಗೂ ಕೇಳಿಸಿತು. ಒಳಗೆ ನುಗ್ಗಿ ಅವನನ್ನು ಕೆಡವಿ, ಎದೆಯ ಮೇಲೆ ಕೂತು ಗಂಟಲು ಹಿಡಿದೆ. ಅಷ್ಟು ವರ್ಷ ಅವನ ಕೈಗೆ ಹೆದರಿದ್ದ ನನಗೆ ಅವನ ಕತ್ತು ಇಷ್ಟು ಮೆತ್ತಗಿದೆಯೇ ಎನಿಸಿತು. ಇನ್ನೂ ಒತ್ತಿದೆ. ಕಣ್ಣು ಮೇಲಾದವು. ಸಾಯಿಸಬೇಕೆಂದೇ ಒತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆಗ ನನ್ನ ಬೆನ್ನ ಮೇಲೆ ಏಟು ಬಿತ್ತು, ಮೇಲಿಂದ ಮೇಲೆ. ಮುರಿಯದೆ ಉಳಿದ ಕೈಯಲ್ಲಿ ಅಮ್ಮ ಮುದ್ದೆ ಕೋಲು ಹಿಡಿದಿದ್ದಳು.

"ಬಿಡ್ಲಾ! ಸತ್ತೋಯ್ತಾನೆ! ಜೈಲಿಗ್ ಹೋಯ್ತೀಯಾ, ಬಿಡ್ಲಾ!"

ಬಿಟ್ಟೆ. ಅಪ್ಪ ಕೆಮ್ಮುತ್ತಾ ಅಂಗಳಕ್ಕೆ ತೆವಳಿಕೊಂಡು ಹೋದ. ನಾನು ಅಮ್ಮನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೈಗೆ ಕಟ್ಟು ಹಾಕಿಸಿದೆ. ಬರುವಾಗ ದಾರಿಯಲ್ಲಿ ಅವಳು ಕೇಳಿದಳು.

"ಊರೋರಿಗೆಲ್ಲಾ ಆರಿಸಿ ಕೊಡ್ತೀಯಲ್ಲಪ್ಪ. ಕುಡಿದ್ರೆ ಸಿಟ್ಟು ಬರ್ದೇ ಇರೋದು ಯಾವ್ದೂ ಇಲ್ವಾ ನಿನ್ನ ಅಂಗ್ಡೀಲಿ?"

ಅಂಥದ್ದು ಯಾವ ಅಂಗಡಿಯಲ್ಲೂ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಕಟ್ಟು ಹಾಕಿದ ಆ ಕೈಯನ್ನು ನೋಡುತ್ತಾ ಇಲ್ಲವೆನ್ನಲು ಬಾಯಿ ಬರಲಿಲ್ಲ. "ಐತೆ ಕಣಮ್ಮ, ತತ್ತೀನಿ," ಎಂದೆ.

ಯುಗಾದಿಯ ಮರುದಿನ, ವರ್ಷತೊಡಕಿಗೆ, ಕಿತ್ತಳೆಯ ಲಿಕ್ಯೂರ್ ತೆಗೆದುಕೊಂಡು ಹೋದೆ. ಆ ದಿನ ನಮ್ಮವರು ಮಾಂಸದಡುಗೆ ಮಾಡುತ್ತಾರೆ, ಗಂಡಸರು ಕುಡಿಯುತ್ತಾರೆ. ಅಂದು ಏನು ನಡೆಯುತ್ತದೋ ಅದೇ ವರ್ಷವೆಲ್ಲ ನಡೆಯುತ್ತದೆ ಎಂದು ನಂಬಿಕೆ. ಅದಕ್ಕೇ ಅವತ್ತು ಜಗಳವಾಡಬಾರದು, ಮಕ್ಕಳನ್ನು ಕೂಡ ಬೈಯಬಾರದು. ನಾನು ಅಂಗಡಿಯವನ ಲೆಕ್ಕಾಚಾರದಲ್ಲೇ ಆರಿಸಿದ್ದೆ. ಸಿಹಿ ಇರುವುದರಿಂದ ಹೆಚ್ಚು ಹೋಗುವುದಿಲ್ಲ. ನಿಧಾನಕ್ಕೆ ಕುಡಿಯಬೇಕಾದ್ದು, ನಿಧಾನಕ್ಕೇ ಏರುತ್ತದೆ. ಅಪ್ಪನ ಮುಂದೆ ಚಿಕ್ಕ ಲೋಟ ಇಟ್ಟು ಸುರಿದೆ. ಅವನು ಆ ಲೋಟವನ್ನು ಪಕ್ಕಕ್ಕೆ ತಳ್ಳಿ, ನೀರು ಕುಡಿಯುವ ಸ್ಟೀಲ್ ಲೋಟದ ತುಂಬ ಹಾಕಿಕೊಂಡು ಒಂದೇ ಗುಟುಕಿಗೆ ಎತ್ತಿದ. ಮರುಗಳಿಗೆ ಗೋಡೆಗೆ ಉಗಿದ.

"ಇದೇನ್ಲಾ ಇದು, ಕೆಮ್ಮಿನ ಔಸ್ದೀನಾ? ನಾನೇನು ಬಾಣಂತಿಯೇನ್ಲಾ?"

"ಒಳ್ಳೇದು ಕಣಪ್ಪ, ದೊಡ್ಡೋರೆಲ್ಲಾ ಕುಡಿಯೋದು," ಎಂದೆ.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಮಾಂಸದ ತಟ್ಟೆ ಹಿಡಿದು ನಿಂತಿದ್ದಳು. ಅಪ್ಪ ಒಂದು ಸಲ ನನ್ನ ಕಡೆ ನೋಡಿದ, ಒಂದು ಸಲ ಅವಳ ಕಡೆ. "ಇಬ್ರೂ ಸೇರ್ಕೊಂಡ್ ನನ್ ಹೆಂಗ್ಸು ಮಾಡ್ತೀರಾ?" ಎಂದವನೇ ಬಾಟಲಿಯನ್ನು ಬೀಸಿ ಎಸೆದ. ನನ್ನ ಮೇಲೆ ಎಸೆದಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆನೋ ಏನೋ. ಬಾಟಲಿ ಬಾಗಿಲ ಕಂಬಕ್ಕೆ ಬಡಿದು ಒಡೆಯಿತು, ಒಂದು ಚೂರು ಅಮ್ಮನ ಎಡಹುಬ್ಬನ್ನು ಸೀಳಿತು. ತಟ್ಟೆ ಬಿತ್ತು. ರಕ್ತ, ಮಾಂಸದ ಸಾರು, ಕಿತ್ತಳೆಯ ಪಾಕ ಎಲ್ಲ ಕಡಪ ಕಲ್ಲಿನ ನೆಲದ ಮೇಲೆ ಕಲೆಸಿಹೋದವು. ಹೊಲಿಗೆ ಹಾಕಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಇರುವೆಗಳು ಸಾಲುಗಟ್ಟಿ ಬಂದಿದ್ದವು, ಸಿಹಿಗೂ ರಕ್ತಕ್ಕೂ ಭೇದವಿಲ್ಲದೆ ಮುತ್ತಿದ್ದವು. ಅಮ್ಮ ಒಂದೇ ಕಣ್ಣಿನಲ್ಲಿ ನೋಡುತ್ತಾ ನೆಲ ಒರೆಸಿದಳು. "ತೊಡಕಿನ ದಿನವೇ ಹಿಂಗಾಯ್ತು. ಇನ್ ವರ್ಸೆಲ್ಲಾ ಇದೇಯಾ," ಎಂದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವರ್ಷವೆಲ್ಲ ಆಗಲಿಲ್ಲ. ಮಳೆಗಾಲ ಶುರುವಾಗುವಾಗ ಅಪ್ಪ ಬೆಳುಗುಪ್ಪ ರಸ್ತೆಯಲ್ಲಿ ಬೈಕು ತೆಗೆದುಕೊಂಡು ಹೋಗಿ ನಿಂತಿದ್ದ ಟ್ರಾಕ್ಟರ್ ಟ್ರೈಲರಿಗೆ ಗುದ್ದಿ ಸತ್ತ. ಮುಖ ಗುರುತು ಸಿಗುತ್ತಿರಲಿಲ್ಲ. ಕುಂದುರ್ಪಿಯಲ್ಲಿ ಕುರಿ ಸಾಕಿಕೊಂಡಿರುವ ನನ್ನ ಚಿಕ್ಕಪ್ಪ ಹೆಣದ ಮೇಲೆ ಬಿದ್ದು ಹೊರಳಾಡಿ ಅತ್ತ. ನನಗೆ ಅಳು ಬರಲಿಲ್ಲ. ಮೈಮೇಲಿದ್ದ ಭಾರದ ಮೂಟೆಯನ್ನು ಯಾರೋ ಇಳಿಸಿದ ಹಾಗಾಯಿತು, ಅಷ್ಟೇ.

ಇನ್ನು ಅಮ್ಮ ನೆಮ್ಮದಿಯಾಗಿರುತ್ತಾಳೆ ಎಂದುಕೊಂಡಿದ್ದೆ. ತಿಂಗಳು ಬಿಟ್ಟು ಹೋದಾಗ ನೋಡಿದರೆ ಅದೇ ಕುಕ್ಕರಗಾಲು, ಅದೇ ಗೋಡೆ, ಎತ್ತಿ ಹಿಡಿದ ತಟ್ಟೆ, ಬಾಗಿಲ ಮೇಲೆ ಅದೇ ಕಣ್ಣು. ನನಗೆ ರೇಗಿಹೋಯಿತು.

"ಇನ್ನೂ ಯಾರಿಗಮ್ಮ ಹೆದರ್ತೀಯಾ? ಸತ್ತೋನು ಎಲ್ಲಿಂದ ಬತ್ತಾನೆ?"

"ಬತ್ತಾರೆ ಕಣಪ್ಪ," ಎಂದಳು ತಟ್ಟೆ ಕೆಳಗಿಡದೆ. "ಮಾಲಯ ಅಮಾಸೆಗೆ ಬತ್ತಾರಲ್ಲ. ನಾವೇ ಕರೀತೀವಲ್ಲ. ಕರೆದ್ಮೇಲೆ ಅವ್ರಿಗೆ ಬೇಕಾದ್ದು ಇಕ್ಬೇಕು. ಕುಡೀತಾರೆ. ಕುಡಿದ್ಮೇಲೆ?"

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಅವರ ಫೋಟೋದ ಮುಂದೆ ಎಲೆ ಹಾಸಿ, ಅವರಿಗೆ ಇಷ್ಟವಾದ ಮಾಂಸ, ಬೀಡಿ, ಅವರು ಕುಡಿಯುತ್ತಿದ್ದ ಬಾಟಲಿ ಎಲ್ಲ ಇಟ್ಟು, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ಸತ್ತವರು ಬಂದು ಉಂಡು ಹೋಗುತ್ತಾರೆ. ನಾನು ನಂಬುತ್ತೇನೋ ಇಲ್ಲವೋ, ಅಮ್ಮ ನಂಬಿದ್ದಳು. ಅಪ್ಪ ಮತ್ತೆ ಆ ಮನೆಯೊಳಗೆ ಕಾಲಿಡುತ್ತಾನೆ, ಕುಡಿಯುತ್ತಾನೆ, ಆಮೇಲೆ ಎಂದಿನಂತೆ ಶುರುವಾಗುತ್ತದೆ ಎಂಬ ಹೆದರಿಕೆಯಲ್ಲಿ ಅವಳು ಆ ಅಮಾವಾಸ್ಯೆಯನ್ನು ಕಾಯುತ್ತಿದ್ದಳು.

ಅಮಾವಾಸ್ಯೆಯ ಹಿಂದಿನ ದಿನ ಅಂಗಡಿಯಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ಬರುವವರೆಲ್ಲ ಸತ್ತವರ ರುಚಿ ಹೇಳಿಕೊಂಡು ಬರುತ್ತಾರೆ. ನಮ್ಮಜ್ಜನಿಗೆ ಗಂಟಲು ಸುಡುವಂಥದ್ದೇ ಆಗಬೇಕು, ನಮ್ಮ ಮಾವ ರಮ್ ಬಿಟ್ಟು ಬೇರೆ ಮೂಸುತ್ತಿರಲಿಲ್ಲ, ಹೀಗೆ. ಆ ಗದ್ದಲದಲ್ಲೇ ಅಮ್ಮನ ಫೋನು ಬಂತು.

"ಬರುವಾಗ ಆ ಕಿತ್ತಳೆಹಣ್ಣಿಂದು ಒಂದು ತಗೊಂಡ್ ಬಾ."

"ಯಾವ್ದು? ಅವತ್ತಿಂದಾ?"

"ಊ. ಅದೇಯಾ."

"ಅದ್ಯಾಕಮ್ಮ? ಅಪ್ಪ ಕುಡೀತಿದ್ದ ವಿಸ್ಕಿ ತತ್ತೀನಿ ಬಿಡು."

"ಹೇಳಿದ್ ತಗೊಂಡ್ ಬಾ," ಎಂದು ಫೋನಿಟ್ಟಳು.

ಸಿಟ್ಟು ಬರಿಸದ ಮದ್ಯ ಎಂದು ನಾನು ಹೇಳಿದ ಸುಳ್ಳನ್ನು, ಹುಬ್ಬು ಸೀಳಿದ ಮೇಲೂ ಇವಳು ನಂಬಿಕೊಂಡೇ ಇದ್ದಾಳಲ್ಲ ಎಂದುಕೊಂಡೆ. ಆದರೂ ಮೇಲಿನ ಹಲಗೆಯಿಂದ ಅದನ್ನೇ ಇಳಿಸಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಮರುದಿನ ಚಿಕ್ಕಪ್ಪ ಕುಂದುರ್ಪಿಯಿಂದ ಕುರಿ ಮಾಂಸದ ಜೊತೆ ಅಪ್ಪನ ವಿಸ್ಕಿಯನ್ನೂ ತಂದಿದ್ದ. ಎಲೆಯ ಮುಂದೆ ನಾನು ಕಿತ್ತಳೆ ಬಾಟಲಿ ಇಡುವುದನ್ನು ನೋಡಿ ಅವನ ಮುಖ ಕೆಂಪಾಯಿತು. ಸಿಟ್ಟು ಬಂದರೆ ಚಿಕ್ಕಪ್ಪನ ನಾಲಿಗೆ ತೆಲುಗಿಗೆ ಹೊರಳುತ್ತದೆ.

"ಏಮ್ರಾ ಇದಿ? ಸಿಗ್ಗು ಲೇದಾ ನೀಕು? ಊರಿಗೆಲ್ಲಾ ಬಾಟ್ಲಿ ಮಾರೋನು, ನಿಮ್ಮಪ್ಪನ ಬಾಟ್ಲಿ ಯಾವ್ದು ಅಂತ ಗೊತ್ತಿಲ್ವೇನ್ಲಾ, ನಾಚಿಕೆಗೆಟ್ಟೋನೇ?"

"ಅಮ್ಮ ಹೇಳಿದ್ದು ತಂದೀನಿ."

"ಗಂಡನ್ನ ನುಂಗ್ಕೊಂಡೋಳು ಹೇಳಿದ್ಳಾ?"

ನಾನು ಅವನ ಎದೆಗೆ ಕೈ ಹಾಕಿ ತಳ್ಳಿದೆ. ಅವನು ಕೆನ್ನೆಗೆ ಬಿಟ್ಟ. ನಾನು ತಿರುಗಿ ಗುದ್ದಿದೆ, ಅವನ ತುಟಿ ಒಡೆಯಿತು. ಕುರಿಯ ಕಾಲು ಕಟ್ಟಿ ಪಳಗಿದ ಕೈ ಅದು. ನನ್ನ ಕುತ್ತಿಗೆ ಪಟ್ಟಿ ಹಿಡಿದು ಹಣೆಯನ್ನು ಬಾಗಿಲ ಕಂಬಕ್ಕೆ ಒಂದು ಸಲ, ಎರಡು ಸಲ ಗುದ್ದಿದ. ಯಾವ ಕಂಬಕ್ಕೆ ಅವತ್ತು ಬಾಟಲಿ ಬಡಿದು ಒಡೆದಿತ್ತೋ ಅದೇ ಕಂಬ. ಕಣ್ಣಿಗೆ ರಕ್ತ ಇಳಿಯಿತು. ಅಪ್ಪ ಬರುವುದಕ್ಕೆ ಮುಂಚೆಯೇ ಅಪ್ಪನ ಕೆಲಸ ಶುರುವಾಗಿತ್ತು.

ಆಗ ಗಾಜು ಒಡೆದ ಸದ್ದು ಕೇಳಿತು. ಅಮ್ಮ ಚಿಕ್ಕಪ್ಪ ತಂದಿದ್ದ ವಿಸ್ಕಿ ಬಾಟಲಿಯನ್ನು ಕುತ್ತಿಗೆ ಹಿಡಿದು ಅಂಗಳದ ಒರಳುಕಲ್ಲಿಗೆ ಅಪ್ಪಳಿಸಿದ್ದಳು. ಒಡೆದ ಮೊನೆಯನ್ನು ಮುಂದೆ ಹಿಡಿದು ಒಳಗೆ ಬಂದಳು. ಮುರಿದು ಕೂಡಿದ ಕೈ ಅದು, ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ.

"ಅವನ್ನ ಬಿಡು."

ಚಿಕ್ಕಪ್ಪ ಬಿಟ್ಟ. ಆ ಮನೆಯಲ್ಲಿ ಅವಳ ಕೈಯಲ್ಲಿ ಅಂಥದ್ದನ್ನು ಅವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

"ರಾಜಿ ಬಾಟ್ಲಿ ಯಾರು ಆರಿಸ್ಬೇಕು ಹೇಳಪ್ಪ," ಎಂದಳು. "ದೊಡ್ ಮನುಷ್ಯ, ಊರೋರ ನ್ಯಾಯಕ್ಕೆಲ್ಲಾ ಹೋಯ್ತೀಯಲ್ಲ. ಹೇಳು."

ಚಿಕ್ಕಪ್ಪ ತುಟಿ ಒರೆಸಿಕೊಂಡ. "ಏಟು ತಿಂದೋರು," ಎಂದ ನೆಲ ನೋಡುತ್ತಾ.

"ಈ ಮನೇಲಿ ಏಟು ತಿಂದೋಳು ನಾನು. ಇದ್ದಷ್ಟು ದಿನ ನಿಮ್ಮಣ್ಣ ನಂಗೆ ಆರಿಸು ಅನ್ಲಿಲ್ಲ. ಇವತ್ತು ನಾನೇ ಆರಿಸ್ತೀನಿ."

ಮೊನೆಯನ್ನು ಹೊರಕ್ಕೆ ಎಸೆದು, ಕಿತ್ತಳೆ ಬಾಟಲಿಯ ಮುಚ್ಚಳ ತಿರುವಿ, ಚಿಕ್ಕ ಲೋಟದ ತುಂಬ ಸುರಿದು ಫೋಟೋದ ಮುಂದೆ ಇಟ್ಟಳು. ಒಂದು ಹನಿ ಹೊರಗೆ ಚೆಲ್ಲಲಿಲ್ಲ. ಚಿಕ್ಕಪ್ಪನ ದನಿ ಈಗ ಅಳುವವನ ದನಿಯಾಗಿತ್ತು.

"ಇದಿಕ್ಕಿದ್ರೆ ಅಣ್ಣ ಬರಲ್ಲ ಕಣತ್ಗೆ. ಸಿಹಿ ಕಂಡ್ರೆ ಆಗ್ತಿರ್ಲಿಲ್ಲ ಅವ್ನಿಗೆ. ಬಾಗ್ಲಿಂದ್ಲೇ ತಿರುಗ್ಬುಟ್ಟು ಹೊಂಟೋಯ್ತಾನೆ."

"ಹೋಗ್ಲಿ ಅಂತಲೇ ಇಕ್ಕಿರೋದು," ಎಂದಳು ಅಮ್ಮ.

ನಾನು ಹಣೆ ಒತ್ತಿ ಹಿಡಿದುಕೊಂಡು ಅವಳನ್ನೇ ನೋಡಿದೆ. ಕುಡಿಯುವವನಿಗೆ ಯಾವುದು ಹಿಡಿಸುತ್ತದೆ ಎಂದು ಆರಿಸುವುದೊಂದೇ ನನಗೆ ಗೊತ್ತಿದ್ದ ವಿದ್ಯೆ. ಯಾವುದು ಹಿಡಿಸುವುದಿಲ್ಲ ಎಂದು ಹುಡುಕಿ ಆರಿಸುವುದು ನನಗೆ ಹೊಳೆದೇ ಇರಲಿಲ್ಲ. ಅವಳು ನನ್ನ ಸುಳ್ಳನ್ನು ನಂಬಿಕೊಂಡಿರಲಿಲ್ಲ. ಗೋಡೆಗೆ ಉಗಿದ ಆ ಉಗುಳನ್ನು ನೆನಪಿಟ್ಟುಕೊಂಡಿದ್ದಳು.

ಬಾಗಿಲು ಎಳೆದುಕೊಂಡು ಮೂವರೂ ಹೊರಗೆ ನಿಂತೆವು. ನನ್ನ ಹಣೆಯಿಂದ, ಚಿಕ್ಕಪ್ಪನ ತುಟಿಯಿಂದ ರಕ್ತ ಇಳಿಯುತ್ತಿತ್ತು. ಅಂಗಳವೆಲ್ಲ ವಿಸ್ಕಿಯ ವಾಸನೆ. ಅಮ್ಮ ಚಿಲಕದ ಮೇಲೆ ಕೈಯಿಟ್ಟು ಒಳಗಿನ ಸದ್ದಿಗೆ ಕಿವಿಗೊಟ್ಟಿದ್ದಳು. ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ಬಡಿದು, ತಾನೇ ತೆರೆದಳು.

ಮಾಂಸ ಇಟ್ಟಲ್ಲೇ ಇತ್ತು. ಬೀಡಿ ಇಟ್ಟಲ್ಲೇ ಇತ್ತು. ಲೋಟ ಅಂಚಿನವರೆಗೂ ತುಂಬಿತ್ತು. ಎಡೆ ಯಾವಾಗಲೂ ಹಾಗೇ ಇರುತ್ತದೆ, ಎಲ್ಲರ ಮನೆಯಲ್ಲೂ ಹಾಗೇ ಇರುತ್ತದೆ, ಅದು ನನಗೂ ಗೊತ್ತು. ಅಮ್ಮ ಬಗ್ಗಿ ಲೋಟವನ್ನು ಸುತ್ತಲೂ ನೋಡಿದಳು.

"ಬಂದಿಲ್ಲ," ಎಂದಳು.

ಚಿಕ್ಕಪ್ಪ ಮೂಲೆಯಲ್ಲಿ ಕೂತು ಬಿಕ್ಕಿದ. ಅಮ್ಮ ಅವನಿಗೂ ಎಲೆ ಹಾಕಿದಳು, ನನಗೂ ಹಾಕಿದಳು, ಮುದ್ದೆ ಇಟ್ಟು ಸಾರು ಬಡಿಸಿದಳು. ಚಿಕ್ಕಪ್ಪನ ಎಲೆಗೆ ಒಳ್ಳೆಯ ತುಂಡುಗಳನ್ನೇ ಹುಡುಕಿ ಹಾಕಿದಳು. ಆಮೇಲೆ ತನ್ನ ತಟ್ಟೆ ತಂದು ನೆಲದ ಮೇಲೆ ಇಟ್ಟು, ಚಕ್ಕಳಮಕ್ಕಳ ಹಾಕಿ, ಬೀದಿ ಬಾಗಿಲಿಗೆ ಬೆನ್ನು ಮಾಡಿ ಕೂತು ಉಂಡಳು.